ಬೇಸಿಗೆಯ ಎರಡು ತಿಂಗಳಿಗೆ ಒಂದು ಸೌರಜ್ವಾಲೆ: ವಿದ್ಯಾರ್ಥಿಗಳಿಗೊಂದು ಸಂಶೋಧನಾ ಮಾರ್ಗದರ್ಶಿ

ಬಿ.ಎಸ್‌ಸಿ., ಎಂ.ಎಸ್‌ಸಿ. ಅಥವಾ ಎಂಜಿನಿಯರಿಂಗ್ ಓದುತ್ತಿದ್ದು, ಬೇಸಿಗೆ ರಜೆಯಲ್ಲಿ ಸೌರಜ್ವಾಲೆಗಳ (ಸೂರ್ಯನಲ್ಲಿ ದಿಢೀರನೆ ಶಕ್ತಿ ಹೊಮ್ಮುವ ಸ್ಫೋಟಗಳ) ಮೇಲೆ ಸಂಶೋಧನಾ ಇಂಟರ್ನ್‌ಶಿಪ್ ಮಾಡಬೇಕೆಂದಿರುವವರಿಗಾಗಿ ಈ ಬರಹ. ಎರಡು ತಿಂಗಳಲ್ಲಿ ಸೌರಜ್ವಾಲೆಗಳೆಂಬ ವಿಷಯವನ್ನೇ ಅರಗಿಸಿಕೊಳ್ಳುವುದು ಯಾರಿಂದಲೂ ಆಗದ ಕೆಲಸ; ಆದರೆ ಒಂದೇ ಒಂದು ಜ್ವಾಲೆಯನ್ನೂ ಅದರ ಬಗ್ಗೆ ಕೇಳಬಹುದಾದ ಒಂದೇ ಒಂದು ಪ್ರಶ್ನೆಯನ್ನೂ ಹಿಡಿದು ಕುಳಿತರೆ, ಅಷ್ಟೇ ಅವಧಿಯಲ್ಲಿ ಯಾರ ಮುಂದೆಯಾದರೂ ಅಳುಕಿಲ್ಲದೆ ಇಡಬಹುದಾದ ಫಲಿತಾಂಶ ಕೈಗೆ ಬರುತ್ತದೆ. ಮುಂದಿನ ಸಲಹೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲ ಹೆಜ್ಜೆ: ಅರ್ಜಿಯ ಕೆಲಸ ನವೆಂಬರ್‌ನಲ್ಲೇ ಶುರು

ಬೇಸಿಗೆಯ ಇಂಟರ್ನ್‌ಶಿಪ್ ಎಂದೊಡನೆ ಏಪ್ರಿಲ್‌ನಲ್ಲಿ ಹುಡುಕಲು ಹೊರಡುವವರೇ ಹೆಚ್ಚು, ಆ ಹೊತ್ತಿಗೆ ಮುಖ್ಯವಾದ ಬಾಗಿಲುಗಳು ಮುಚ್ಚಿರುತ್ತವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಅದರ ಕಚೇರಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲೇ ಇದೆ. ಪುಣೆಯ ಖಗೋಳವಿಜ್ಞಾನ ಕೇಂದ್ರವಾದ ಅಯೂಕಾ, ಅಹಮದಾಬಾದಿನ ಭೌತ ಸಂಶೋಧನಾಲಯ ಮತ್ತು ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ (ಎಲ್ಲರ ಬಾಯಲ್ಲಿ ಐಐಎ) ತಮ್ಮದೇ ಆದ ಕಾರ್ಯಕ್ರಮಗಳನ್ನು ನಡೆಸುತ್ತವೆ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಕ್ಟೋಬರ್‌ನಿಂದಲೇ ಆಯಾ ಸಂಸ್ಥೆಯ ಜಾಲತಾಣವನ್ನು ನೋಡುತ್ತಿರಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ ಪದವಿ ವಿದ್ಯಾರ್ಥಿಗಳಿಗಾಗಿ ನಡೆಯುವ ಆರ್‌ಇಯು ಎಂಬ ಸಂಶೋಧನಾ ಕಾರ್ಯಕ್ರಮಗಳಿಗೆ ಆ ದೇಶದ ನಾಗರಿಕರು ಮತ್ತು ಕಾಯಂ ನಿವಾಸಿಗಳು ಮಾತ್ರ ಅರ್ಹರು. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಅದು ಒಳ್ಳೆಯ ದಾರಿ, ಇಲ್ಲಿಂದ ಅರ್ಜಿ ಹಾಕುವವರಿಗೆ ಬರೀ ಶ್ರಮ.

ಸೂರ್ಯನ ಅಧ್ಯಯನಕ್ಕೆ ಕರ್ನಾಟಕದ ವಿದ್ಯಾರ್ಥಿಗಳು ದೂರ ಹೋಗಲೇಬೇಕೆಂದಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಏಳು ಉಪಕರಣಗಳಲ್ಲಿ, ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ನೋಡುವ ವಿಇಎಲ್‌ಸಿ ಐಐಎಯಲ್ಲಿ ರೂಪುಗೊಂಡಿತು. ಜ್ವಾಲೆಗಳ ಕ್ಷ-ಕಿರಣಗಳನ್ನು ಅಳೆಯುವ ಸೋಲೆಕ್ಸ್ ಮತ್ತು ಹೆಲಿಯೋಸ್ ಎರಡೂ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವು. ಜ್ವಾಲೆಯ ಜೊತೆಗೆ ಹೊಮ್ಮುವ ರೇಡಿಯೋ ಸ್ಫೋಟಗಳನ್ನು ಗೌರಿಬಿದನೂರಿನಲ್ಲಿರುವ ಐಐಎಯ ವೀಕ್ಷಣಾಲಯ ದಶಕಗಳಿಂದ ದಾಖಲಿಸುತ್ತಿದೆ. 1899ರಲ್ಲಿ ಆರಂಭವಾದ ಕೊಡೈಕನಾಲ್ ಸೌರ ವೀಕ್ಷಣಾಲಯವೂ ಐಐಎಯದೇ. ಶತಮಾನದುದ್ದಕ್ಕೂ ತೆಗೆದ ಅಲ್ಲಿನ ಸೂರ್ಯನ ಚಿತ್ರಗಳು ಈಗ ಡಿಜಿಟಲ್ ರೂಪದಲ್ಲಿ ಸಿಗುತ್ತವೆ.

ಮಾರ್ಗದರ್ಶಕರಾಗುವಂತೆ ಕೋರಿ ವಿಜ್ಞಾನಿಗೆ ನೇರವಾಗಿ ಇ-ಮೇಲ್ ಬರೆಯುವುದೂ ರೂಢಿಯಲ್ಲಿದೆ. ಒಂದೇ ಒಕ್ಕಣೆಯನ್ನು ನಲವತ್ತು ಜನರಿಗೆ ಕಳುಹಿಸಿದರೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರ ಇತ್ತೀಚಿನ ಒಂದು ಪ್ರಬಂಧದ ಸಾರಾಂಶವನ್ನೂ ಚಿತ್ರಗಳನ್ನೂ ನೋಡಿ, ಅದರಲ್ಲಿ ನಿಮಗೆ ಅರ್ಥವಾದದ್ದು ಯಾವುದು, ಆಗದೆ ಉಳಿದದ್ದು ಯಾವುದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ನಿಮಗೆ ಗೊತ್ತಿರುವ ಪ್ರೋಗ್ರಾಮಿಂಗ್ ಎಷ್ಟು, ಬರಬಹುದಾದ ತಾರೀಖುಗಳು ಯಾವುವು ಎಂಬುದನ್ನು ಸೇರಿಸಿ. ತಾರೀಖಿನ ವಿಷಯದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಮಕ್ಕಳು ವಿಶೇಷ ಎಚ್ಚರ ವಹಿಸಬೇಕು: ಸೆಮಿಸ್ಟರ್ ಪರೀಕ್ಷೆಗಳು ಜೂನ್, ಜುಲೈವರೆಗೂ ಜಾರುವುದುಂಟು, ಆದ್ದರಿಂದ ಪರೀಕ್ಷೆಗೆ ಬಿಡುವು ಬೇಕಾಗಬಹುದೆಂದು ಮೊದಲೇ ತಿಳಿಸಿಡುವುದು ಕ್ಷೇಮ. ಪ್ರಾಂಶುಪಾಲರ ಒಪ್ಪಿಗೆ ಪತ್ರ ಮತ್ತು ಅಧ್ಯಾಪಕರೊಬ್ಬರ ಶಿಫಾರಸು ಬಹುತೇಕ ಎಲ್ಲ ಕಡೆ ಬೇಕಾಗುತ್ತವೆ. ನಿಮ್ಮ ಅಂಕಪಟ್ಟಿಯನ್ನಷ್ಟೇ ಅಲ್ಲದೆ ನಿಮ್ಮ ಕೆಲಸವನ್ನೂ ಕಂಡಿರುವ ಅಧ್ಯಾಪಕರನ್ನೇ ಶಿಫಾರಸಿಗೆ ಕೇಳಿ.

ಎರಡನೆಯ ಹೆಜ್ಜೆ: ಹೋಗುವ ಮುನ್ನ ಕೈಯಲ್ಲಿರಬೇಕಾದದ್ದು

ಭೌತವಿಜ್ಞಾನದಲ್ಲಿ ಇಷ್ಟು ತಿಳಿದಿದ್ದರೆ ಆರಂಭಕ್ಕೆ ಸಾಕು. ಸೌರಕಲೆಗಳ ಮೇಲಿನ ಕರೋನಾದಲ್ಲಿ ತಿರುಚಿಕೊಂಡ ಕಾಂತಕ್ಷೇತ್ರ ಶಕ್ತಿಯನ್ನು ಕೂಡಿಟ್ಟಿರುತ್ತದೆ. ಕಾಂತರೇಖೆಗಳು ಕಡಿದು ಬೇರೆ ರೀತಿಯಲ್ಲಿ ಕೂಡಿಕೊಂಡಾಗ, ಅಂದರೆ ಕಾಂತೀಯ ಮರುಜೋಡಣೆಯಾದಾಗ, ಆ ಶಕ್ತಿ ನಿಮಿಷಗಳಲ್ಲಿ ಹೊರಬೀಳುತ್ತದೆ. ದೊಡ್ಡ ಜ್ವಾಲೆಯಲ್ಲಿ ಅದು ಸುಮಾರು 10²⁵ ಜೂಲ್ ಆಗಬಹುದು. ವೇಗ ಪಡೆದ ಎಲೆಕ್ಟ್ರಾನುಗಳು ಕಮಾನಿನಂತಹ ಕಾಂತಕುಣಿಕೆಗಳ ಗುಂಟ ಕೆಳಗಿಳಿದು, ಕರೋನಾದ ಕೆಳಗಿನ ದಟ್ಟವಾದ ಪದರವಾದ ವರ್ಣಗೋಳಕ್ಕೆ ಅಪ್ಪಳಿಸಿದಾಗ ಗಡಸು (ಹೆಚ್ಚು ಶಕ್ತಿಯ) ಕ್ಷ-ಕಿರಣ ಹೊಮ್ಮುತ್ತದೆ. ಅಲ್ಲಿ ಕಾದ ಪ್ಲಾಸ್ಮಾ ಮೇಲೇರಿ ಕುಣಿಕೆಗಳನ್ನು ತುಂಬಿಕೊಂಡು, ಕೋಟಿ ಡಿಗ್ರಿಗೂ ಮೀರಿದ ತಾಪದಲ್ಲಿ ಮೃದು (ಕಡಿಮೆ ಶಕ್ತಿಯ) ಕ್ಷ-ಕಿರಣವನ್ನು ಸೂಸುತ್ತದೆ. ಜ್ವಾಲೆಯೂ ಕರೋನಾದಿಂದ ದ್ರವ್ಯರಾಶಿ ಸಿಡಿದು ಹೊರಬೀಳುವ ಸಿಎಂಇಯೂ ಬೇರೆ ಬೇರೆ ವಿದ್ಯಮಾನಗಳೆಂಬುದನ್ನು ಮೊದಲ ದಿನದಿಂದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದರ ಜೊತೆ ಇನ್ನೊಂದು ಬರುವುದುಂಟು, ಬಾರದಿರುವುದೂ ಉಂಟು.

ಪೈಥಾನ್ ಬಾರದಿದ್ದರೆ ಜನವರಿಯಿಂದ ದಿನಕ್ಕೆ ಅರ್ಧ ಗಂಟೆ ಕೊಟ್ಟು ಕಲಿಯಿರಿ. ಸೌರವಿಜ್ಞಾನಿಗಳ ನಿತ್ಯದ ಸಲಕರಣೆಗಳಾದ ಆಸ್ಟ್ರೋಪೈ ಮತ್ತು ಸನ್‌ಪೈ ಎರಡೂ ಉಚಿತ. ದತ್ತಾಂಶ ಬರುವ ಫಿಟ್ಸ್ ಕಡತವನ್ನು ತೆರೆಯುವುದು, ಅದರ ತಲೆಬರಹ ಓದುವುದು, ಒಂದು ಗ್ರಾಫ್ ಎಳೆಯುವುದು, ಇಷ್ಟನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ಅಭ್ಯಾಸ ಮಾಡಬಹುದು. ಪ್ರೋಗ್ರಾಮ್ ಬರೆಯುವ ಗೋಜಿಲ್ಲದೆ ಸೂರ್ಯನ ಚಿತ್ರಗಳನ್ನು ನೋಡಲು ಹೀಲಿಯೋವ್ಯೂವರ್ ಜಾಲತಾಣವಿದೆ. ಇಂಟರ್ನ್‌ಶಿಪ್‌ಗೆ ಮೊದಲು ಹತ್ತಾರು ಜ್ವಾಲೆಗಳನ್ನು ಅಲ್ಲಿ ಸುಮ್ಮನೆ ನೋಡಿರುವುದು, ನನ್ನ ಲೆಕ್ಕದಲ್ಲಿ, ಪಠ್ಯಪುಸ್ತಕದ ಎರಡು ಅಧ್ಯಾಯಗಳಿಗಿಂತ ಹೆಚ್ಚು ಉಪಯುಕ್ತ.

ಮೂರನೆಯ ಹೆಜ್ಜೆ: ಜ್ವಾಲೆಯನ್ನೂ ಪ್ರಶ್ನೆಯನ್ನೂ ಆರಿಸುವುದು

ಅಮೆರಿಕದ ಗೋಸ್ ಉಪಗ್ರಹಗಳು 1ರಿಂದ 8 ಆ್ಯಂಗ್‌ಸ್ಟ್ರಾಮ್ ಅಲೆಯುದ್ದದಲ್ಲಿ ಅಳೆಯುವ ಕ್ಷ-ಕಿರಣ ಪ್ರಮಾಣದ ಮೇಲೆ ಜ್ವಾಲೆಗಳಿಗೆ ಎ, ಬಿ, ಸಿ, ಎಂ, ಎಕ್ಸ್ ಎಂಬ ವರ್ಗ ಕೊಡಲಾಗುತ್ತದೆ. ಒಂದೊಂದು ಅಕ್ಷರ ಹಿಂದಿನದಕ್ಕಿಂತ ಹತ್ತು ಪಟ್ಟು. ಚದರ ಮೀಟರಿಗೆ 10⁻⁴ ವ್ಯಾಟ್ ಮುಟ್ಟಿದರೆ ಎಕ್ಸ್1. ಎಕ್ಸ್ ಆದ ಮೇಲೆ ಬೇರೆ ಅಕ್ಷರವಿಲ್ಲ, ಅಂಕಿ ಏರುತ್ತಾ ಹೋಗುತ್ತದೆ.

ಅತಿ ದೊಡ್ಡ ಜ್ವಾಲೆಯನ್ನೇ ಆರಿಸಿಕೊಳ್ಳುವ ಆಸೆ ಸಹಜವಾದರೂ, ಆಯ್ಕೆಗೆ ಬೇರೆ ಒರೆಗಲ್ಲುಗಳಿವೆ. ಕಾಂತಕ್ಷೇತ್ರವನ್ನು ನಂಬಿಕೆಯಿಂದ ಅಳೆಯಬೇಕಾದರೆ ಸಕ್ರಿಯ ಪ್ರದೇಶವು (ಜ್ವಾಲೆ ಹೊಮ್ಮುವ, ಸೌರಕಲೆಗಳ ಗುಂಪಿರುವ ಜಾಗ) ಸೌರಬಿಂಬದ ಅಂಚಿಗೆ ಸರಿದಿರಬಾರದು. ಕುಣಿಕೆಗಳ ಎತ್ತರವನ್ನು ನೋಡಬೇಕಾದರೆ ಅಂಚಿನಲ್ಲಿರುವುದೇ ಒಳ್ಳೆಯದು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಿಂದಲೂ ಕೆಂಪು ಧ್ರುವಪ್ರಭೆ ಕಾಣುವಂತೆ ಮಾಡಿದ 13664ನೆಯ ಸಕ್ರಿಯ ಪ್ರದೇಶ ತನ್ನ ಅತಿ ದೊಡ್ಡ ಎಕ್ಸ್8.7 ಜ್ವಾಲೆಯನ್ನು ಉಗುಳಿದ್ದು ಮೇ 14ರಂದು, ಸೂರ್ಯನ ಪಶ್ಚಿಮದಂಚಿಗೆ ಬಂದಾದ ಮೇಲೆ. ಅದರ ಕಾಂತಕ್ಷೇತ್ರವನ್ನು ಅಳೆಯುತ್ತೇನೆಂದು ಹೊರಟವರಿಗೆ ಹೆಸರಷ್ಟೇ ದೊಡ್ಡದು.

ವಿದ್ಯಾರ್ಥಿಗೆ ಹೇಳಿಮಾಡಿಸಿದಂತಹ ಪ್ರಕರಣ ಯಾವುದೆಂದು ಕೇಳಿದರೆ ನಾನು 13590ನೆಯ ಪ್ರದೇಶವನ್ನು ತೋರಿಸುತ್ತೇನೆ. 2024ರ ಫೆಬ್ರವರಿ 21 ಮತ್ತು 22ರಂದು ಒಂದು ದಿನಕ್ಕೂ ಕಡಿಮೆ ಅವಧಿಯಲ್ಲಿ ಅದು ಎಕ್ಸ್1.8, ಎಕ್ಸ್1.7 ಮತ್ತು ಎಕ್ಸ್6.3 ವರ್ಗದ ಮೂರು ಜ್ವಾಲೆಗಳನ್ನು ಹೊಮ್ಮಿಸಿತು. ಆದರೆ ಅಷ್ಟು ದೊಡ್ಡ ಮೂರನೆಯ ಜ್ವಾಲೆಯ ಜೊತೆಗೂ ಗಮನಾರ್ಹವಾದ ಸಿಎಂಇ ಹೊರಬೀಳಲಿಲ್ಲ. ಇದು ಒಂಟಿ ಪ್ರಕರಣವೂ ಅಲ್ಲ: 2014ರ ಅಕ್ಟೋಬರ್‌ನಲ್ಲಿ ಬರಿಗಣ್ಣಿಗೆ ಕಾಣುವಷ್ಟು ಬೃಹತ್ತಾಗಿದ್ದ (ಸೌರಕನ್ನಡಕವಿಲ್ಲದೆ ಯಾರೂ ನೋಡಬಾರದೆಂಬುದು ಬೇರೆ ಮಾತು) 12192ನೆಯ ಪ್ರದೇಶ ಆರು ಎಕ್ಸ್ ಜ್ವಾಲೆಗಳನ್ನು ಕೊಟ್ಟೂ ಯಾವುದರ ಜೊತೆಯೂ ದೊಡ್ಡ ಉತ್ಸರ್ಜನೆ ಮಾಡಲಿಲ್ಲ. ಪ್ರದೇಶದ ಮೇಲ್ಗಡೆ ಕವಿದಿರುವ ಬಲವಾದ ಕಾಂತಕ್ಷೇತ್ರ ಸ್ಫೋಟವನ್ನು ಅದುಮಿ ಹಿಡಿಯುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹೊರಸಿಡಿಯದ ಒಂದು ಜ್ವಾಲೆಯನ್ನೂ, ಅದೇ ಪ್ರಮಾಣದ ಆದರೆ ಸಿಎಂಇ ಸಹಿತವಾದ ಇನ್ನೊಂದನ್ನೂ ಎದುರುಬದುರು ಇಟ್ಟು ಒಂದೇ ಒಂದು ವ್ಯತ್ಯಾಸವನ್ನು ಅಳೆಯುವುದು ಎರಡು ತಿಂಗಳಿಗೆ ತಕ್ಕ ಕೆಲಸ.

ನಾಲ್ಕನೆಯ ಹೆಜ್ಜೆ: ಬೆಳಕಿನ ರೇಖೆಯನ್ನು ಓದುವುದು

ಚಿತ್ರಗಳ ಬಣ್ಣಕ್ಕೆ ಮರುಳಾಗದೆ, ಮೊದಲ ಎರಡು ವಾರ ಗೋಸ್‌ನ ಕ್ಷ-ಕಿರಣ ರೇಖೆಯೊಂದನ್ನೇ (ಹೊತ್ತು ಕಳೆದಂತೆ ಹೊಳಪು ಏರಿಳಿಯುವುದನ್ನು ತೋರಿಸುವ ಗ್ರಾಫ್) ಓದುವುದು ಲೇಸು. ಮೊದಲ ತೊಡಕು ಕಾಲದ್ದು. ದತ್ತಾಂಶವೆಲ್ಲ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಸಾರ್ವತ್ರಿಕ ಕಾಲಮಾನದಲ್ಲಿರುತ್ತದೆ. ಮೇಲೆ ಹೇಳಿದ ಎಕ್ಸ್6.3 ಜ್ವಾಲೆ ಶಿಖರ ಮುಟ್ಟಿದ್ದು ಫೆಬ್ರವರಿ 22ರ 22:34ಕ್ಕೆ, ಅಂದರೆ ನಮ್ಮ ಗಡಿಯಾರದಲ್ಲಿ 23ರ ಬೆಳಗಿನ ಜಾವ 4:04. ಆಗ ನಮ್ಮಲ್ಲಿ ಸೂರ್ಯ ಹುಟ್ಟಿಯೇ ಇಲ್ಲವಾದ್ದರಿಂದ ಭಾರತದ ನೆಲದ ಮೇಲಿನ ದೂರದರ್ಶಕಗಳಲ್ಲಿ ಆ ಜ್ವಾಲೆಯನ್ನು ಹುಡುಕುವುದು ವ್ಯರ್ಥ. ಗೌರಿಬಿದನೂರಿನ ಅಥವಾ ಕೊಡೈಕನಾಲಿನ ದಾಖಲೆಗಳನ್ನು ಬಳಸಬೇಕೆಂದಿದ್ದರೆ ನಮ್ಮ ಹಗಲಿನಲ್ಲಿ ಘಟಿಸಿದ ಜ್ವಾಲೆಯನ್ನೇ ಆರಿಸಬೇಕು. ಅದೇ ಪ್ರದೇಶದ ಎಕ್ಸ್1.7 ಜ್ವಾಲೆ 22ರ 06:32ಕ್ಕೆ, ಎಂದರೆ ನಮ್ಮ ಮಧ್ಯಾಹ್ನ 12:02ಕ್ಕೆ, ಶಿಖರ ಮುಟ್ಟಿತ್ತು.

ಇನ್ನೊಂದು ತೊಡಕು ಪಟ್ಟಿಯಲ್ಲಿ ಕೊಟ್ಟಿರುವ ಆರಂಭ ಮತ್ತು ಅಂತ್ಯದ ಸಮಯಗಳದ್ದು. ಅವು ಸೂರ್ಯ ಕೊಟ್ಟ ಸಮಯಗಳಲ್ಲ, ಒಂದು ನಿಯಮ ಕೊಟ್ಟವು: ಪ್ರಮಾಣವು ಶಿಖರಕ್ಕೂ ಜ್ವಾಲೆಯ ಹಿಂದಿನ ಮಟ್ಟಕ್ಕೂ ನಡುವಿನ ಅರ್ಧಕ್ಕೆ ಇಳಿದಾಗ ಜ್ವಾಲೆ ಮುಗಿಯಿತೆಂದು ಬರೆದುಕೊಳ್ಳುತ್ತಾರೆ. ಕುಣಿಕೆಗಳು ತಣಿಯುವುದು ಅದಾದ ಮೇಲೂ ಗಂಟೆಗಟ್ಟಲೆ ಮುಂದುವರಿಯಬಹುದು. ಆದ್ದರಿಂದ ಪಟ್ಟಿಯ ಸಮಯಕ್ಕೆ ಸರಿಯಾಗಿ ದತ್ತಾಂಶವನ್ನು ಕತ್ತರಿಸದೆ, ಹಿಂದೆ ಒಂದು ಗಂಟೆ, ಮುಂದೆ ಮೂರು ಗಂಟೆ ಸೇರಿಸಿಯೇ ಇಳಿಸಿಕೊಳ್ಳಿ.

ಹಳೆಯ ಜ್ವಾಲೆಗಳನ್ನು ಹೊಸವುಗಳ ಜೊತೆ ಹೋಲಿಸುವವರು ತಪ್ಪದೆ ತಿಳಿದಿರಬೇಕಾದ ಸಂಗತಿಯೊಂದಿದೆ. ಗೋಸ್-15ರವರೆಗಿನ ಉಪಗ್ರಹಗಳ ಕಾರ್ಯಾಚರಣೆಯ ದತ್ತಾಂಶದಲ್ಲಿ ಹಿಂದಿನವುಗಳೊಂದಿಗೆ ತಾಳೆಯಾಗಲೆಂದು ಒಂದು ಗುಣಕ ಹಾಕಿರುತ್ತಿದ್ದರು. ನಿಜವಾದ ಪ್ರಮಾಣ ಬೇಕಾದರೆ 1–8 ಆ್ಯಂಗ್‌ಸ್ಟ್ರಾಮ್ ವಾಹಿನಿಯ ಮೌಲ್ಯವನ್ನು 0.7ರಿಂದ ಭಾಗಿಸಬೇಕು. 2017ರ ಸೆಪ್ಟೆಂಬರ್ 6ರ ಪ್ರಸಿದ್ಧ ಎಕ್ಸ್9.3 ಜ್ವಾಲೆ ಹೀಗೆ ಎಕ್ಸ್13.3 ಆಗುತ್ತದೆ. ಹಳೆಯ ಪ್ರಬಂಧದ ಅಂಕಿಯನ್ನೂ ಇಂದು ಇಳಿಸಿಕೊಂಡ ಕಡತದ ಅಂಕಿಯನ್ನೂ ಅಕ್ಕಪಕ್ಕ ಬರೆದು ಸೂರ್ಯನೇ ಬದಲಾದನೆಂದು ತೀರ್ಮಾನಿಸುವ ಅಪಾಯ ಇಲ್ಲಿದೆ. ಮರುಸಂಸ್ಕರಿಸಿದ ವೈಜ್ಞಾನಿಕ ದರ್ಜೆಯ ದತ್ತಾಂಶವನ್ನೇ ಬಳಸಿದರೆ ಈ ಗೊಂದಲವಿಲ್ಲ.

ಇಷ್ಟಾದ ಮೇಲೆ ಮಾಡಬಹುದಾದ ಅತ್ಯಂತ ಸೊಗಸಾದ ಅಭ್ಯಾಸವೆಂದರೆ ನ್ಯೂಪರ್ಟ್ ಪರಿಣಾಮದ ಪರೀಕ್ಷೆ. ಮೃದು ಕ್ಷ-ಕಿರಣ ಏರುವ ದರವು ಗಡಸು ಕ್ಷ-ಕಿರಣದ ರೇಖೆಯನ್ನು ಹೋಲುತ್ತದೆ ಎಂಬ ಈ ಸಂಬಂಧಕ್ಕೆ, 1968ರಲ್ಲಿ ಅಂಥದ್ದೊಂದು ನಂಟನ್ನು ಗುರುತಿಸಿದ ವರ್ನರ್ ನ್ಯೂಪರ್ಟ್ ಅವರ ಹೆಸರಿದೆ: ಬಡಿಯುವ ಎಲೆಕ್ಟ್ರಾನುಗಳು ಕೊಟ್ಟ ಶಕ್ತಿಯೇ ಕುಣಿಕೆಯಲ್ಲಿ ಸಂಚಯವಾಗುವುದರಿಂದ ಹೀಗಾಗುತ್ತದೆ. ಮೃದು ರೇಖೆಗೆ ಗೋಸ್ ಅಥವಾ ಸೋಲೆಕ್ಸ್, ಗಡಸು ರೇಖೆಗೆ ಹೆಲಿಯೋಸ್ ಅಥವಾ ಫರ್ಮಿ ಉಪಗ್ರಹದ ದತ್ತಾಂಶ ಒದಗುತ್ತದೆ. 2002ರಿಂದ 2018ರವರೆಗಿನ ಜ್ವಾಲೆಗಳಿಗೆ ರೆಸ್ಸಿ ಉಪಗ್ರಹದ ಸಂಗ್ರಹವಿದೆ. ಆದಿತ್ಯದ ದತ್ತಾಂಶವನ್ನು ಇಸ್ರೋ 2025ರ ಜನವರಿಯಿಂದ ಸಾರ್ವಜನಿಕರಿಗೆ ಬಿಡುಗಡೆ ಮಾಡುತ್ತಿದ್ದು, ಪ್ರದಾನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಏರುವ ದರ ತಿಳಿಯಲು ಮೃದು ರೇಖೆಯ ನಿಷ್ಪನ್ನ (ಡೆರಿವೇಟಿವ್) ತೆಗೆಯುವಾಗ ಸಣ್ಣ ಸಣ್ಣ ಏರಿಳಿತಗಳೂ ದೊಡ್ಡದಾಗಿ ಕಾಣುತ್ತವೆ, ಆದ್ದರಿಂದ ಮೊದಲು ರೇಖೆಯನ್ನು ನಯಗೊಳಿಸಬೇಕು. ಎಷ್ಟು ಸೆಕೆಂಡುಗಳ ಸರಾಸರಿಯಲ್ಲಿ ನಯಗೊಳಿಸಿದಿರಿ ಎಂಬುದನ್ನು ಬರೆದಿಡದಿದ್ದರೆ ನಾಳೆ ನಿಮಗೇ ಆ ಫಲಿತಾಂಶ ಮತ್ತೆ ಸಿಗುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ: ಆದಿತ್ಯ ನಮಗಿಂತ ಸುಮಾರು 15 ಲಕ್ಷ ಕಿ.ಮೀ. ಸೂರ್ಯನ ಕಡೆಗಿರುವುದರಿಂದ ಜ್ವಾಲೆಯ ಬೆಳಕು ಅದಕ್ಕೆ ಸುಮಾರು 5 ಸೆಕೆಂಡು ಮೊದಲೇ ತಲುಪುತ್ತದೆ. ನಿಮಿಷದ ಲೆಕ್ಕದಲ್ಲಿ ಇದು ಏನೂ ಅಲ್ಲ. ಸೆಕೆಂಡಿನ ಲೆಕ್ಕದಲ್ಲಿ ಎರಡು ರೇಖೆಗಳ ಹಿಂದುಮುಂದನ್ನು ನಿರ್ಧರಿಸುವವರಿಗೆ ಇದೇ ಎಲ್ಲ.

ಐದನೆಯ ಹೆಜ್ಜೆ: ಚಿತ್ರಗಳ ಬಳಿಗೆ

2010ರ ಫೆಬ್ರವರಿಯಲ್ಲಿ ಹಾರಿದ ನಾಸಾದ ಎಸ್‌ಡಿಒ ನೌಕೆಯ ಎಐಎ ಉಪಕರಣವು 4096×4096 ಬಿಂದುಗಳ ಚಿತ್ರಗಳನ್ನು, ಕರೋನಾವನ್ನು ತೋರಿಸುವ ಅಲೆಯುದ್ದಗಳಲ್ಲಿ, 12 ಸೆಕೆಂಡಿಗೊಮ್ಮೆ ತೆಗೆಯುತ್ತದೆ. ಒಂದು ಗಂಟೆಗೆ ಒಂದೇ ಅಲೆಯುದ್ದದಲ್ಲಿ 300 ಚಿತ್ರಗಳಾದವು. ಕಾಲೇಜಿನ ಅಥವಾ ಪಿಜಿಯ ವೈಫೈ ನಂಬಿ ಇಡೀ ಬಿಂಬವನ್ನು ಇಳಿಸಿಕೊಳ್ಳಲು ಹೋಗದೆ, ಸಕ್ರಿಯ ಪ್ರದೇಶದಷ್ಟನ್ನೇ ಕತ್ತರಿಸಿ ಕೊಡುವಂತೆ ಸ್ಟ್ಯಾನ್‌ಫರ್ಡ್‌ನ ಜೆಸಾಕ್ ಸಂಗ್ರಹಕ್ಕೆ ಕೋರಿಕೆ ಸಲ್ಲಿಸಿ. ಇಳಿಸಿಕೊಂಡದ್ದನ್ನು ಬೇರೊಂದು ಡಿಸ್ಕಿನಲ್ಲೂ ಇಡಿ: 2024ರ ನವೆಂಬರ್‌ನಲ್ಲಿ ಆ ಕೇಂದ್ರದ ಕಟ್ಟಡದಲ್ಲಿ ನೀರಿನ ಕೊಳವೆ ಒಡೆದು ಯಂತ್ರಗಳು ತೊಯ್ದು, ದತ್ತಾಂಶ ಸೇವೆ ಬಹಳ ದಿನ ಅಸ್ತವ್ಯಸ್ತವಾಗಿತ್ತು.

ಎಕ್ಸ್ ವರ್ಗದ ಜ್ವಾಲೆಯ ಎಐಎ ಚಿತ್ರವನ್ನು ಮೊದಲ ಸಲ ದೊಡ್ಡದಾಗಿ ತೆರೆದವರಿಗೆ ಜ್ವಾಲೆಯ ಜಾಗದಲ್ಲಿ ಬೆಳ್ಳನೆಯ ತೇಪೆಯೂ, ಅದರಿಂದ ಮೇಲಕ್ಕೂ ಕೆಳಕ್ಕೂ ಸೋರಿದಂತಿರುವ ಗೆರೆಗಳೂ, ಶಿಲುಬೆಯಾಕಾರದ ಕಿರಣಗಳೂ ಕಾಣುತ್ತವೆ. ಅವು ಸೂರ್ಯನ ಮೇಲಿಲ್ಲ. ಸಂವೇದಕ ತುಂಬಿ ತುಳುಕಿದ್ದರ ಮತ್ತು ಕ್ಯಾಮೆರಾದ ಮುಂದಿನ ಜಾಲರಿಯಲ್ಲಿ ಬೆಳಕು ಬಾಗಿದ್ದರ ಗುರುತುಗಳು. ಆ ಭಾಗದ ಹೊಳಪನ್ನು ಅಳೆಯುವಂತಿಲ್ಲ. ಜ್ವಾಲೆ ಉರಿಯುವಾಗ ಉಪಕರಣವು ತಾನಾಗಿಯೇ ಒಡ್ಡಿಕೆಯ (ಎಕ್ಸ್‌ಪೋಷರ್) ಅವಧಿಯನ್ನು ಕಡಿಮೆ ಮಾಡಿಕೊಳ್ಳುತ್ತದೆ, ಅದೂ ಒಂದು ಬಿಟ್ಟು ಒಂದರಂತೆ. ಹೀಗಾಗಿ ಪ್ರತಿ ಚಿತ್ರವನ್ನೂ ಅದರ ತಲೆಬರಹದಲ್ಲಿರುವ ಒಡ್ಡಿಕೆಯ ಅವಧಿಯಿಂದ ಭಾಗಿಸದೆ ರೇಖೆ ಎಳೆದರೆ ಗರಗಸದ ಹಲ್ಲಿನಂತಹ ಏರಿಳಿತ ಬರುತ್ತದೆ, ಮತ್ತು ಅದನ್ನು ಸೂರ್ಯನ ಸ್ಪಂದನವೆಂದು ಸಂಭ್ರಮಿಸುವ ಸಾಧ್ಯತೆಯೂ ಇರುತ್ತದೆ. ಅತಿ ಬಿಸಿಯಾದ ಕುಣಿಕೆಗಳಿಗೆ 131 ಮತ್ತು 94 ಆ್ಯಂಗ್‌ಸ್ಟ್ರಾಮ್ ಚಿತ್ರಗಳನ್ನೂ, ಪಾದಗಳ ಬಳಿಯ ಹೊಳೆಯುವ ಪಟ್ಟಿಗಳಿಗೆ 1600 ಆ್ಯಂಗ್‌ಸ್ಟ್ರಾಮ್ ಚಿತ್ರಗಳನ್ನೂ ನೋಡಿ.

ಕಾಂತಕ್ಷೇತ್ರದ ನಕ್ಷೆ ಕೊಡುವುದು ಅದೇ ನೌಕೆಯ ಎಚ್‌ಎಂಐ ಉಪಕರಣ. ಇದರ ಮೂಲ ಕಡತ ತೆರೆದಾಗ ಸೂರ್ಯ ತಲೆಕೆಳಗಾಗಿರುತ್ತಾನೆ: ದಕ್ಷಿಣ ಮೇಲಕ್ಕೆ, ಪೂರ್ವ ಬಲಕ್ಕೆ. ತಲೆಬರಹದಲ್ಲಿ ತಿರುಗುವಿಕೆಯ ಕೋನ ಸುಮಾರು 180 ಡಿಗ್ರಿ ಎಂದು ಬರೆದಿರುತ್ತದೆ. ಸನ್‌ಪೈಗೆ ಹೇಳಿದರೆ ಅದು ನೇರ ಮಾಡಿಕೊಡುತ್ತದೆ. ಹೇಳುವುದನ್ನು ಮರೆತು ಎಐಎ ಚಿತ್ರದ ಮೇಲೆ ಹೊದಿಸಿದರೆ ಜ್ವಾಲೆ ಸೌರಕಲೆಗಳೇ ಇಲ್ಲದ ಕಡೆ ಹೊತ್ತಿದಂತೆ ತೋರುತ್ತದೆ. ಸರಿಯಾಗಿ ಹೊದಿಸಿದಾಗ ಹೊಳೆಯುವ ಎರಡು ಪಟ್ಟಿಗಳು, ಉತ್ತರ ಧ್ರುವೀಯತೆ ದಕ್ಷಿಣಕ್ಕೆ ಬದಲಾಗುವ ಗೆರೆಯ ಆಚೆಗೊಂದು ಈಚೆಗೊಂದು ಹರಡಿಕೊಂಡಿರುವುದು ಕಣ್ಣಿಗೆ ಬೀಳುತ್ತದೆ. ಪ್ರಬಲ ಜ್ವಾಲೆಯ ನಡುವೆ ಕೆಲವು ನಿಮಿಷ ಕಾಂತಕ್ಷೇತ್ರದ ಚಿಹ್ನೆಯೇ ಬದಲಾದಂತೆ ಎಚ್‌ಎಂಐ ತೋರಿಸಿದರೆ ನಂಬಬೇಡಿ. ಜ್ವಾಲೆಯು ರೋಹಿತರೇಖೆಯ ಆಕಾರವನ್ನು ಕೆಡಿಸುವುದರಿಂದ ಹಾಗಾಗುತ್ತದೆ. ಕ್ಷೇತ್ರದಲ್ಲಿ ನಿಜಕ್ಕೂ ಬದಲಾವಣೆಯಾಗಿದೆಯೇ ಎಂಬುದನ್ನು ಜ್ವಾಲೆಗೆ ಮೊದಲಿನ ಮತ್ತು ಅದು ತಣಿದ ಮೇಲಿನ ನಕ್ಷೆಗಳಿಂದ ತಿಳಿಯಬೇಕು.

ಮುನ್ಸೂಚನೆಯ ಆಸೆಯುಳ್ಳವರಿಗೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ಯಂತ್ರಕಲಿಕೆಯಿಂದ (ಮಷೀನ್ ಲರ್ನಿಂಗ್) ಜ್ವಾಲೆಗಳನ್ನು ಮೊದಲೇ ಹೇಳಬೇಕೆಂದು ಬರುತ್ತಾರೆ. ಬೇಡವೆನ್ನಲಾರೆ, ಆದರೆ ಎರಡು ಹೊಂಡಗಳಿವೆ. ಬಹುಪಾಲು ದಿನಗಳಲ್ಲಿ ಎಕ್ಸ್ ಜ್ವಾಲೆ ಘಟಿಸುವುದೇ ಇಲ್ಲವಾದ್ದರಿಂದ, ನಿತ್ಯವೂ ‘ಇಂದು ಇಲ್ಲ’ ಎನ್ನುವ ಪ್ರೋಗ್ರಾಮಿಗೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಂಕ ಬರುತ್ತದೆ. ಹಾಗಾಗಿ ನಿಖರತೆಯ ಶೇಕಡಾವಾರು ಹೇಳುವ ಬದಲು, ಹಿಡಿದ ಜ್ವಾಲೆಗಳ ಪ್ರಮಾಣದಿಂದ ಸುಳ್ಳು ಎಚ್ಚರಿಕೆಗಳ ಪ್ರಮಾಣವನ್ನು ಕಳೆಯುವ ಟಿಎಸ್‌ಎಸ್ ಎಂಬ ಅಳತೆಯನ್ನು ಬಳಸಬೇಕು. ಎರಡನೆಯ ಹೊಂಡ ಇನ್ನೂ ಆಳದ್ದು: ದತ್ತಾಂಶವನ್ನು ಕಲಸಿ, ಕಲಿಕೆಗೆ ಒಂದಿಷ್ಟು, ಪರೀಕ್ಷೆಗೆ ಒಂದಿಷ್ಟು ಎಂದು ಹಂಚಿದರೆ ಒಂದೇ ಸಕ್ರಿಯ ಪ್ರದೇಶದ ಹತ್ತು ಗಂಟೆಯ ನಕ್ಷೆ ಒಂದು ಕಡೆಗೂ ಹನ್ನೊಂದು ಗಂಟೆಯ ನಕ್ಷೆ ಇನ್ನೊಂದು ಕಡೆಗೂ ಬೀಳುತ್ತದೆ. ಅದು ಪ್ರಶ್ನೆಪತ್ರಿಕೆ ಸೋರಿಕೆಯೇ ಸರಿ. ಒಂದು ಪ್ರದೇಶದ ದತ್ತಾಂಶವೆಲ್ಲ ಒಂದೇ ಕಡೆಗಿರುವಂತೆ ಹಂಚಬೇಕು. ಇದನ್ನು ಸರಿಪಡಿಸಿದ ಮೇಲೆ ಅಂಕ ತೀರಾ ಇಳಿಯಬಹುದು. ಇಳಿದ ಅಂಕವೇ ವರದಿಗೆ ಯೋಗ್ಯ.

ದಿನಚರಿ ಮತ್ತು ಗೈಡ್ ಜೊತೆಗಿನ ವ್ಯವಹಾರ

ಮಾರ್ಗದರ್ಶಕರು ವಾರಕ್ಕೊಮ್ಮೆ ಸಿಗಬಹುದು. ನಿತ್ಯದ ಸಂದೇಹಗಳಿಗೆ ಆಸರೆಯಾಗುವವರು ಅವರ ಪಿಎಚ್‌.ಡಿ. ವಿದ್ಯಾರ್ಥಿಗಳೇ. ಭೇಟಿಗೆ ಹೋಗುವಾಗ ಒಂದು ಗ್ರಾಫ್, ಅದರ ಅಕ್ಷಗಳಿಗೆ ಹೆಸರು ಮತ್ತು ಏಕಮಾನ, ಒಂದು ಸ್ಪಷ್ಟವಾದ ಪ್ರಶ್ನೆ ಇವಿಷ್ಟನ್ನು ಒಯ್ಯಿರಿ. ‘ಸರ್, ಬರ್ತಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯದು. ‘ಮೇಡಂ, 22:30ರ ಚಿತ್ರದವರೆಗೆ ಸರಿಯಾಗಿದೆ, ಅಲ್ಲಿಂದ ಮುಂದೆ ಹೊಳಪು ಏಕಾಏಕಿ ಅರ್ಧಕ್ಕಿಳಿಯುತ್ತಿದೆ, ಒಡ್ಡಿಕೆಯ ಅವಧಿ ನೋಡಿದ್ದೇನೆ’ ಎಂದರೆ ಐದು ನಿಮಿಷದಲ್ಲಿ ದಾರಿ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ಅಳುಕಿನಿಂದ ಮೊದಲ ವಾರಗಳಲ್ಲಿ ಬಾಯಿ ಬಿಡದಿರುವುದುಂಟು. ಟಿಪ್ಪಣಿ ಪುಸ್ತಕವನ್ನು ಕನ್ನಡದಲ್ಲೇ ಬರೆಯಲು ಯಾರ ಅಡ್ಡಿಯೂ ಇಲ್ಲ, ಯೋಚನೆ ಅದರಿಂದ ತಿಳಿಯಾಗುತ್ತದೆ. ಗ್ರಾಫ್ ಚೊಕ್ಕವಾಗಿದ್ದರೆ ಉಳಿದ ವಿವರಣೆಗೆ ಮುರುಕು ಇಂಗ್ಲಿಷೂ ಸಾಕಾಗುತ್ತದೆ.

ಕೊನೆಯ ಹದಿನೈದು ದಿನ

ವರದಿ ಬರೆಯಲು ಕೊನೆಯ ಎರಡು ವಾರಗಳನ್ನು ಮೀಸಲಿಟ್ಟು, ಆ ಅವಧಿಯಲ್ಲಿ ಹೊಸ ಜ್ವಾಲೆಯನ್ನಾಗಲಿ ಹೊಸ ಉಪಕರಣವನ್ನಾಗಲಿ ಮುಟ್ಟಬೇಡಿ. ಮೊದಲು ಚಿತ್ರಗಳನ್ನು ಅಂತಿಮಗೊಳಿಸಿ, ಪ್ರತಿಯೊಂದಕ್ಕೂ ಅಡಿಬರಹ ಬರೆದರೆ ಅವುಗಳ ಸುತ್ತ ಪಠ್ಯ ಬೆಳೆಯುತ್ತದೆ. ಯಾವ ಉಪಗ್ರಹದ ಯಾವ ಆವೃತ್ತಿಯ ದತ್ತಾಂಶ, ಯಾವ ತಿದ್ದುಪಡಿ, ಯಾವ ತಂತ್ರಾಂಶ ಎಂಬ ವಿವರ ಫಲಿತಾಂಶದಷ್ಟೇ ಮುಖ್ಯ. ಅಳತೆಯಲ್ಲಿ ಎಷ್ಟು ಅನಿಶ್ಚಿತತೆಯಿದೆ ಎಂಬುದನ್ನು ಅಂಕಿಯಲ್ಲಿ ಹೇಳಿ. ಎರಡು ಜ್ವಾಲೆಗಳ ನಡುವೆ ನೀವು ಹುಡುಕಿದ ವ್ಯತ್ಯಾಸ ಕಾಣಲಿಲ್ಲವೆಂದರೆ ಅದನ್ನೇ ಬರೆಯಿರಿ, ಅದೂ ಉತ್ತರವೇ.

ಹೊರಡುವ ದಿನ ಪ್ರೋಗ್ರಾಮುಗಳನ್ನೂ, ದತ್ತಾಂಶ ಯಾವ ಕೋಶದಲ್ಲಿದೆ ಎಂಬ ಒಂದು ಪುಟದ ಟಿಪ್ಪಣಿಯನ್ನೂ ಮಾರ್ಗದರ್ಶಕರಿಗೆ ಒಪ್ಪಿಸಿ, ಒಂದು ಪ್ರತಿ ನಿಮ್ಮಲ್ಲಿರಲಿ. ಸಂಸ್ಥೆ ಒಳಬಳಕೆಗೆಂದು ಕೊಟ್ಟ, ಇನ್ನೂ ಬಿಡುಗಡೆಯಾಗದ ದತ್ತಾಂಶವಿದ್ದರೆ ಅದನ್ನು ಕೇಳದೆ ಒಯ್ಯುವಂತಿಲ್ಲ, ಅದರ ಚಿತ್ರಗಳನ್ನು ಎಲ್ಲೂ ಹಾಕುವಂತೆಯೂ ಇಲ್ಲ. ಕೆಲಸ ಪ್ರಬಂಧವಾಗಿ ಬೆಳೆಯುವ ಲಕ್ಷಣವಿದ್ದರೆ ಲೇಖಕರ ಪಟ್ಟಿಯ ವಿಷಯವನ್ನು ಸಂಕೋಚ ಬಿಟ್ಟು ಆಗಲೇ ಕೇಳಿಕೊಳ್ಳಿ, ಭಾರತೀಯ ಖಗೋಳ ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಪೋಸ್ಟರ್ ಮಂಡಿಸಬಹುದೇ ಎಂದೂ ವಿಚಾರಿಸಿ. ಶಿಫಾರಸು ಪತ್ರವನ್ನು ಮುಂದೆಂದೋ ನೋಡೋಣವೆಂದು ಬಿಡದೆ, ಅವರ ನೆನಪು ಹಸಿಯಾಗಿರುವಾಗಲೇ ಮಾತಾಡಿಟ್ಟು, ಪತ್ರ ಬೇಕಾಗುವ ಮೂರು ವಾರ ಮೊದಲು ವರದಿಯ ಪ್ರತಿಯೊಂದಿಗೆ ಮತ್ತೆ ನೆನಪಿಸಿ.